ಎಲೆಯ ತುದಿ ಹಳದಿಯಾದರೆ ಮೊದಲು ನೀರಿನ ಚೊಂಬು ಕೆಳಗಿಡಿ

ಮನೆಯೊಳಗಿನ ಗಿಡದ ಎಲೆ ತುದಿ ಹಳದಿಯಾಗಿದ್ದು ಕಣ್ಣಿಗೆ ಬಿತ್ತು ಅಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ನೀರು ಹಾಕುವುದು. ನಾಲ್ಕು ದಿನ ಬಿಟ್ಟು ನೋಡಿ, ಸರಿಹೋಗದಿದ್ದರೆ ಗೊಬ್ಬರ ಹಾಕುವುದು. ನಾನೂ ಹಾಗೇ ಮಾಡುತ್ತಿದ್ದೆ. ಹಾಗೆ ಮಾಡಿಯೇ ಒಂದು ಚಂದದ ಪೀಸ್ ಲಿಲಿಯನ್ನು ಸಾಯಿಸಿದೆ. ಅದರ ತುದಿ ಹಳದಿಯಾಗಿದ್ದೇ ನೀರು ಜಾಸ್ತಿಯಾಗಿ. ನಾನು ಕೊಟ್ಟ ಮದ್ದು ಇನ್ನೊಂದು ಚೊಂಬು ನೀರು.

ಗಿಡಕ್ಕೆ ಹೇಳಿಕೊಳ್ಳಲು ಇರುವ ಮಾತು ತುಂಬಾ ಕಮ್ಮಿ. ನೀರು ಕಮ್ಮಿಯಾದರೂ ತುದಿ ಹಳದಿ, ಜಾಸ್ತಿಯಾದರೂ ಹಳದಿ. ಗೊಬ್ಬರ ಸಾಲದಿದ್ದರೂ ಹಳದಿ, ಅತಿಯಾದರೂ ಹಳದಿ. ಹಾಗಾಗಿ ಬಣ್ಣ ನೋಡಿ ಕಾರಣ ಹೇಳುವುದಕ್ಕೆ ಆಗುವುದಿಲ್ಲ. ಯಾವ ಎಲೆ, ಎಷ್ಟು ದೂರ, ಮುಟ್ಟಿದರೆ ಹೇಗಿದೆ, ಮಣ್ಣು ಹೇಗಿದೆ, ಬೇರು ಹೇಗಿದೆ ಅಂತ ಒಂದೊಂದಾಗಿ ನೋಡಬೇಕು. ಕೆಳಗಿನ ಕ್ರಮ ನಾನು ಪಾಲಿಸುವಂಥದ್ದು. ಇದರಲ್ಲಿ ಸುಲಭದ್ದು ಮೊದಲು, ಗಿಡಕ್ಕೆ ತೊಂದರೆ ಕೊಡುವಂಥದ್ದು ಆಮೇಲೆ.

ತುದಿಗೇ ಯಾಕೆ ಮೊದಲ ಪೆಟ್ಟು?

ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಬೇರು ಹೀರಿದ ನೀರು ಕಾಂಡ ಹತ್ತಿ, ನರಗಳಲ್ಲಿ ಹರಿದು ಎಲೆಗೆ ಬರುತ್ತದೆ. ಅಲ್ಲಿಂದ ಆವಿಯಾಗಿ ಗಾಳಿಗೆ ಹೋಗುತ್ತದೆ. ನೀರು ಹೋಗುತ್ತದೆ, ಆದರೆ ಅದರ ಜೊತೆ ಬಂದ ಉಪ್ಪಿನಂಶ ಹೋಗುವುದಿಲ್ಲ. ಅದು ಎಲೆಯಲ್ಲೇ ಉಳಿಯುತ್ತದೆ. ಕಾಲುವೆಯ ಕೊನೆಯ ಗದ್ದೆ ಇದ್ದ ಹಾಗೆ ಎಲೆಯ ತುದಿ. ನೀರು ಸಾಲದಿದ್ದಾಗ ಮೊದಲು ಒಣಗುವುದೂ ಅದೇ, ಕಸ ಬಂದು ಸೇರುವುದೂ ಅಲ್ಲೇ.

ಬೆಳಗ್ಗೆ ಎದ್ದ ಕೂಡಲೇ ಮನಿಪ್ಲಾಂಟ್ ಎಲೆಯ ತುದಿ ನೋಡಿ. ಹಿಂದಿನ ದಿನ ಚೆನ್ನಾಗಿ ನೀರು ಹಾಕಿದ್ದರೆ ಅಲ್ಲಿ ಒಂದು ಹನಿ ಜೋತುಬಿದ್ದಿರುತ್ತದೆ. ಅದು ಇಬ್ಬನಿ ಅಲ್ಲ. ರಾತ್ರಿ ಬೇರು ತಳ್ಳಿದ ನೀರು ತುದಿಯ ಸಣ್ಣ ರಂಧ್ರದಿಂದ ಹೊರಬಂದಿರುತ್ತದೆ. ಆ ಹನಿ ಒಣಗಿದ ಜಾಗದಲ್ಲಿ ಕೆಲವೊಮ್ಮೆ ಸಣ್ಣ ಬಿಳಿ ಕಲೆ ಉಳಿಯುತ್ತದೆ. ಅದೇ ಉಪ್ಪು. ಅಪರೂಪಕ್ಕೆ ಹನಿ ಬಂದರೆ ಚಿಂತೆ ಬೇಡ. ದಿನಾ ಬರುತ್ತಿದ್ದರೆ ಮಣ್ಣು ಸದಾ ಒದ್ದೆಯಾಗಿದೆ ಅಂತ ಅನುಮಾನ ಪಡಬಹುದು.

ಇನ್ನೊಂದು ಮಾತು ನೆನಪಿಡಿ. ಇವತ್ತು ಕಾಣುವ ಹಳದಿ ಬಹಳ ಸಲ ಇವತ್ತಿನ ಕಥೆ ಅಲ್ಲ. ಎರಡು-ಮೂರು ವಾರದ ಹಿಂದೆ ನಡೆದದ್ದು ಈಗ ಕಾಣುತ್ತಿರಬಹುದು. ಹಾಗಾಗಿ "ನಿನ್ನೆ ಏನು ಮಾಡಿದೆ?" ಅನ್ನುವುದಕ್ಕಿಂತ "ಕಳೆದ ತಿಂಗಳು ಏನು ಬದಲಾಯಿತು?" ಅಂತ ಕೇಳಿಕೊಳ್ಳಿ. ಕುಂಡ ಬದಲಿಸಿದಿರಾ? ಜಾಗ ಬದಲಿಸಿದಿರಾ? ಹೊಸ ಗೊಬ್ಬರ ಶುರು ಮಾಡಿದಿರಾ? ಊರಿಗೆ ಹೋದಾಗ ಬೇರೆಯವರು ನೀರು ಹಾಕಿದರಾ?

ಹಂತ 1: ಯಾವ ಎಲೆ ಅಂತ ಮೊದಲು ನೋಡಿ

ಗಿಡವನ್ನು ಬೆಳಕಿಗೆ ತಂದು ಸುತ್ತ ತಿರುಗಿಸಿ ನೋಡಿ. ಹಳದಿ ಇರುವುದು ಕೆಳಗಿನ ಹಳೇ ಎಲೆಗಳಲ್ಲಾ, ಮೇಲಿನ ಹೊಸ ಎಲೆಗಳಲ್ಲಾ, ಎಲ್ಲ ಕಡೆನಾ?

ತೀರ ಕೆಳಗಿನ ಒಂದೋ ಎರಡೋ ಎಲೆ ಮಾತ್ರ ಹಣ್ಣಾಗುತ್ತಿದ್ದು, ಮೇಲೆ ಹೊಸ ಚಿಗುರು ಚೆನ್ನಾಗಿ ಬರುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ. ಹಣ್ಣೆಲೆ ಉದುರಲೇಬೇಕು. ಅದು ರೋಗವಲ್ಲ.

ಹಳೇ ಎಲೆಗಳಲ್ಲೇ, ಆದರೆ ಒಂದೆರಡಲ್ಲ, ಸಾಲಾಗಿ ಆಗುತ್ತಿದ್ದರೆ ಎರಡು ಅನುಮಾನ. ಬೇರಿಗೆ ತೊಂದರೆಯಾಗಿರಬಹುದು, ಇಲ್ಲವೇ ಸಾರಜನಕ, ಪೊಟ್ಯಾಶಿಯಂ, ಮೆಗ್ನೀಶಿಯಂ ಕಮ್ಮಿಯಾಗಿರಬಹುದು. ಈ ಮೂರನ್ನೂ ಗಿಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲದು. ಕೊರತೆ ಬಂದಾಗ ಹಳೇ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ. ತಾಯಿ ತನ್ನ ತಟ್ಟೆಯದನ್ನು ಮಗುವಿಗೆ ಬಡಿಸಿದ ಹಾಗೆ.

ಹೊಸ ಎಲೆಗಳೇ ಹಳದಿಯಾಗಿ ಬರುತ್ತಿದ್ದರೆ ಕಥೆ ಬೇರೆ. ಕಬ್ಬಿಣ, ಕ್ಯಾಲ್ಸಿಯಂ ಇಂಥವು ಒಮ್ಮೆ ಎಲೆ ಸೇರಿದರೆ ಅಲ್ಲಿಂದ ಕದಲುವುದಿಲ್ಲ. ಹಾಗಾಗಿ ಅವುಗಳ ಕೊರತೆ ಚಿಗುರಿನಲ್ಲೇ ಕಾಣುತ್ತದೆ. ಹೊಸ ಎಲೆ ಹಳದಿ, ಆದರೆ ನರಗಳು ಮಾತ್ರ ಹಸಿರು ಗೆರೆಗಳಂತೆ ಎದ್ದು ಕಂಡರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ತಮಾಷೆ ಅಂದರೆ ಬಹಳ ಸಲ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾಗಿ, ಬೇರಿಗೆ ಅದನ್ನು ಎಳೆದುಕೊಳ್ಳುವುದಕ್ಕೆ ಆಗುತ್ತಿರುವುದಿಲ್ಲ.

ಕಿಟಕಿ ಕಡೆಯ, ಇಲ್ಲವೇ ಎಸಿ ಕಡೆಯ ಎಲೆಗಳಿಗೆ ಮಾತ್ರ ಹೀಗಾಗಿದ್ದರೆ ಕಾರಣ ಆ ಕಡೆಯೇ ಇದೆ. ಗಿಡ ಓಡಾಡುವ ದಾರಿಯಲ್ಲಿದ್ದು, ಹೋಗುವವರ ಬಟ್ಟೆ ತಾಗುವ ಎತ್ತರದಲ್ಲೇ ತುದಿಗಳು ಹಾಳಾಗಿದ್ದರೆ ಅದಕ್ಕೆ ಬೇರೆ ಪರೀಕ್ಷೆ ಬೇಕಿಲ್ಲ. ನಮ್ಮ ಹಾಲ್‌ನಲ್ಲಿದ್ದ ಅರೆಕಾ ಪಾಮ್‌ಗೆ ಆರು ತಿಂಗಳು ಏನೇನೋ ಉಪಚಾರ ಮಾಡಿದ್ದೆ. ಕೊನೆಗೆ ಒಂದಡಿ ಹಿಂದಕ್ಕೆ ಸರಿಸಿದ್ದೇ ಔಷಧಿಯಾಯಿತು!

ಹಂತ 2: ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ

ಈಗ ಹಾಳಾದ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಮಡಿಸಿ.

ಹಪ್ಪಳದ ಹಾಗೆ ಮುರಿದು ಪುಡಿಯಾದರೆ ಅದು ಒಣಗಿದ್ದು. ನೀರು ಸಾಲದೆಯೋ, ಗಾಳಿ ಒಣಗಿದ್ದರಿಂದಲೋ, ಉಪ್ಪು ಸೇರಿಯೋ ಆಗಿರಬಹುದು. ಮೆತ್ತಗೆ, ಒದ್ದೆ ಕಾಗದದ ಹಾಗೆ ಇದ್ದು ಬಣ್ಣ ಕಂದು ಇಲ್ಲವೇ ಕಪ್ಪಾಗಿದ್ದರೆ ಬೇರು ಕೊಳೆಯುತ್ತಿದೆ ಅಂತ ಅನುಮಾನಿಸಿ. ಇನ್ನೂ ಹಳದಿಯಾಗೇ ಇದ್ದು, ಎಲೆಯ ಉಳಿದ ಭಾಗದಷ್ಟೇ ಬಿಗಿಯಾಗಿದ್ದರೆ ತೊಂದರೆ ಈಗಷ್ಟೇ ಶುರುವಾಗಿದೆ. ಇದು ಒಳ್ಳೇ ಸುದ್ದಿ.

ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿದು ಹಸಿರು ಮತ್ತು ಹಾಳಾದ ಭಾಗ ಸೇರುವ ಗಡಿ ನೋಡಿ. ನನಗೆ ಅತಿ ಹೆಚ್ಚು ಸುಳಿವು ಸಿಕ್ಕಿರುವುದು ಈ ಗಡಿಯಲ್ಲೇ. ಒಣ ಕಂದು ತುದಿ, ಅದರ ಹಿಂದೆ ನೇರ ಹಸಿರು, ಮಧ್ಯೆ ಕತ್ತರಿಸಿಟ್ಟಂಥ ಗೆರೆ ಇದ್ದರೆ ಅದು ಹಳೇ ಗಾಯ. ಒಮ್ಮೆ ಒಣಗಿತ್ತು, ಅಲ್ಲಿಗೆ ನಿಂತಿದೆ. ಕಂದು ತುದಿ ಮತ್ತು ಹಸಿರಿನ ನಡುವೆ ಅಗಲವಾದ ಹಳದಿ ಪಟ್ಟಿ ಇದ್ದರೆ ತೊಂದರೆ ಇನ್ನೂ ನಡೆಯುತ್ತಿದೆ. ಆ ಪಟ್ಟಿ ಹಸಿರಿನ ಕಡೆಗೆ ಮೆಲ್ಲಮೆಲ್ಲನೆ ಸರಿಯುತ್ತಿರುತ್ತದೆ. ಬೇರಿನ ತೊಂದರೆಯಲ್ಲೂ ಉಪ್ಪಿನ ತೊಂದರೆಯಲ್ಲೂ ಇದು ಕಾಣುತ್ತದೆ.

ಸರಿಯುತ್ತಿದೆಯಾ ಇಲ್ಲವಾ ಅಂತ ಹೇಗೆ ಗೊತ್ತಾಗುವುದು? ಮಾರ್ಕರ್ ಪೆನ್ನಿನಿಂದ ಹಳದಿ ಮುಗಿಯುವ ಜಾಗದಲ್ಲಿ ಒಂದು ಚುಕ್ಕೆ ಇಡಿ. ಫೋನಿನಲ್ಲಿ ಫೋಟೋ ತೆಗೆದಿಡಿ. ಹತ್ತು ದಿನ ಬಿಟ್ಟು ನೋಡಿ. ಹಳದಿ ಚುಕ್ಕೆ ದಾಟಿದ್ದರೆ ಮುಂದಿನ ಹಂತಗಳಿಗೆ ಹೋಗಿ. ದಾಟಿಲ್ಲವಾದರೆ ಗಿಡ ತಾನೇ ಸುಧಾರಿಸಿಕೊಂಡಿದೆ, ನೀವು ಕೈ ಹಾಕುವುದು ಬೇಡ.

ಹಂತ 3: ಮಣ್ಣು ಮುಟ್ಟಿ, ಕುಂಡ ಎತ್ತಿ

ಮೇಲ್ಮಣ್ಣು ನೋಡಿ ಮೋಸ ಹೋಗಬೇಡಿ. ಮೇಲೆ ಬೂದಿಯ ಹಾಗೆ ಒಣಗಿ, ನಾಲ್ಕು ಇಂಚು ಕೆಳಗೆ ಕೆಸರಾಗಿರುವ ಕುಂಡಗಳನ್ನು ಎಷ್ಟೋ ನೋಡಿದ್ದೇನೆ. ಬಣ್ಣ ಹಚ್ಚದ ಒಂದು ಮರದ ಕಡ್ಡಿಯನ್ನು ಕುಂಡದ ಅಂಚಿನ ಹತ್ತಿರ ತಳದವರೆಗೆ ಚುಚ್ಚಿ, 5 ನಿಮಿಷ ಬಿಟ್ಟು ತೆಗೆಯಿರಿ. ಎಷ್ಟು ಉದ್ದ ಒದ್ದೆಯಾಗಿದೆ, ಮಣ್ಣು ಎಷ್ಟು ಅಂಟಿದೆ ಅಂತ ನೋಡಿ. ಮೂಸಿಯೂ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಇದ್ದರೆ ಸರಿ. ಚರಂಡಿ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ, ಏನೋ ಕೊಳೆಯುತ್ತಿದೆ.

ಕುಂಡ ಎತ್ತಿ ತೂಕ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಚೆನ್ನಾಗಿ ನೀರು ಹಾಕಿದ ದಿನ ಒಮ್ಮೆ ಎತ್ತಿ, ಪೂರ್ತಿ ಒಣಗಿದಾಗ ಒಮ್ಮೆ ಎತ್ತಿ. ಆ ಎರಡರ ನಡುವಿನ ಭಾರ ನಿಮ್ಮ ಕೈಗೆ ಹದಿನೈದೇ ದಿನದಲ್ಲಿ ಪರಿಚಯವಾಗುತ್ತದೆ. ಸಣ್ಣ ಕುಂಡಗಳಿಗೆ ಇದಕ್ಕಿಂತ ನಂಬಿಕಸ್ಥ ಮೀಟರ್ ನನಗೆ ಸಿಕ್ಕಿಲ್ಲ.

ಕುಂಡದ ಸುತ್ತ ಕಪ್ಪು ಸಣ್ಣ ನೊಣಗಳು ಹಾರಾಡುತ್ತಿವೆಯಾ? ಅವು ಸದಾ ಒದ್ದೆ ಇರುವ ಮಣ್ಣಿನಲ್ಲಿ ಮೊಟ್ಟೆ ಇಡುತ್ತವೆ. ಬೇರೆ ಸಾಕ್ಷಿ ಬೇಕಿಲ್ಲ, ನೀರು ಜಾಸ್ತಿಯಾಗುತ್ತಿದೆ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ನೀರು ಹಾಕಿದ ತಕ್ಷಣ ತಳದ ತೂತಿನಿಂದ ಸುರಿಯುತ್ತದೆ. "ಚೆನ್ನಾಗಿ ಇಳೀತು" ಅಂತ ನಾವು ಖುಷಿಪಡುತ್ತೇವೆ. ನಿಜವಾಗಿ ಆ ನೀರು ಬಿರುಕಿನಲ್ಲಿ ಜಾರಿ ಹೋಗಿದೆ, ಬೇರಿಗೆ ಒಂದು ಹನಿಯೂ ಸಿಕ್ಕಿಲ್ಲ. ಪೂರ್ತಿ ಒಣಗಿದ ಮಣ್ಣು, ಅದರಲ್ಲೂ ಪೀಟ್ (ಜೌಗು ನೆಲದ ಅರೆಕೊಳೆತ ಸಸ್ಯದ ಪುಡಿ) ಬೆರೆಸಿದ್ದು, ಮತ್ತೆ ನೀರು ಹೀರಲು ಹಟ ಮಾಡುತ್ತದೆ. ಅಂಥ ಕುಂಡವನ್ನು ಅರ್ಧ ಬಕೆಟ್ ನೀರಿನಲ್ಲಿ 20ರಿಂದ 30 ನಿಮಿಷ ಕೂರಿಸಿ, ಕೆಳಗಿನಿಂದ ಕುಡಿಯಲು ಬಿಡಿ. ಆಮೇಲೆ ಎತ್ತಿ, ನೀರು ಬಸಿಯಲು ಬಿಟ್ಟು ಜಾಗಕ್ಕೆ ಇಡಿ.

ಹಂತ 4: ಬೇರು ನೋಡದೆ ತೀರ್ಪು ಕೊಡಬೇಡಿ

ಮಣ್ಣು ಒದ್ದೆ, ಎಲೆ ಬಾಡಿದೆ, ತುದಿ ಹಳದಿ. ಈ ಮೂರೂ ಒಟ್ಟಿಗೆ ಇದ್ದರೆ ಗಿಡವನ್ನು ಕುಂಡದಿಂದ ತೆಗೆದು ನೋಡಲೇಬೇಕು. ಜನ ಇದಕ್ಕೆ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ. ಕಾಂಡದ ಬುಡವನ್ನು ಬೆರಳುಗಳ ನಡುವೆ ಹಿಡಿದು, ಕುಂಡ ಬೋರಲು ಮಾಡಿ, ತಳಕ್ಕೆ ಅಂಗೈಯಿಂದ ಎರಡು ಸಲ ತಟ್ಟಿ. ಮಣ್ಣಿನ ಮುದ್ದೆ ಸಮೇತ ಹೊರಗೆ ಬರುತ್ತದೆ.

ಒಳ್ಳೇ ಬೇರು ಗಟ್ಟಿಯಾಗಿರುತ್ತದೆ. ಬಣ್ಣ ಸಾಮಾನ್ಯವಾಗಿ ಬಿಳಿ ಇಲ್ಲವೇ ಕೆನೆ ಬಣ್ಣ. ಆದರೆ ಬಣ್ಣವೊಂದನ್ನೇ ನಂಬಬೇಡಿ. ಡ್ರಸೀನಾದ ಆರೋಗ್ಯವಂತ ಬೇರು ಕಿತ್ತಳೆ ಬಣ್ಣಕ್ಕಿರುತ್ತದೆ. ಮೊದಲ ಸಲ ನೋಡಿದಾಗ ನಾನು ರೋಗ ಅಂದುಕೊಂಡು ಕತ್ತರಿ ಕೈಗೆತ್ತಿಕೊಂಡಿದ್ದೆ. ಸ್ಪೈಡರ್ ಪ್ಲಾಂಟ್‌ನಲ್ಲಿ ದಪ್ಪ ಬಿಳಿ ಗಡ್ಡೆಗಳು ಸಿಗುತ್ತವೆ. ಅವು ನೀರು ಕೂಡಿಡುವ ಬೇರುಗಳು, ಕೀಳಬೇಡಿ.

ಕೊಳೆತ ಬೇರಿನ ಗುರುತು ಹೀಗೆ: ಕಂದು ಇಲ್ಲವೇ ಕಪ್ಪು ಬಣ್ಣ, ಮುಟ್ಟಿದರೆ ಲೋಳೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಬಂದು, ಒಳಗೆ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ನನ್ನ ಪೀಸ್ ಲಿಲಿಯಲ್ಲಿ ನಾನು ಕಂಡದ್ದು ಇದೇ. ಮೇಲೆ ಹದಿನಾಲ್ಕು ಎಲೆ ನಿಂತಿದ್ದವು, ಕೆಳಗೆ ಎಳೆದದ್ದೆಲ್ಲ ಕೈಗೆ ಬಂತು. ನೀರಿನ ಮಧ್ಯೆಯೇ ಕೂತು ಬಾಯಾರಿ ಸತ್ತಿತ್ತು ಆ ಗಿಡ. ಯಾಕೆಂದರೆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರು ತುಂಬಿಕೊಂಡರೆ ಬೇರು ಉಸಿರುಗಟ್ಟುತ್ತದೆ, ಆಮೇಲೆ ಶಿಲೀಂಧ್ರದಂಥವು ಒಳಗೆ ನುಗ್ಗುತ್ತವೆ. ಕೊಳೆತ ಬೇರು ನೀರು ಎತ್ತುವುದಿಲ್ಲ. ಅದಕ್ಕೇ ಮೇಲೆ ಎಲೆ ಬಾಡಿ, ನೀರು ಸಾಲದ ಗಿಡದ ಹಾಗೇ ಕಾಣುತ್ತದೆ.

ಹೀಗಿದ್ದರೆ ಮಣ್ಣು ಪೂರ್ತಿ ತೊಳೆದು, ಕೊಳೆತದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳುತ್ತಿರಿ. ಉಳಿದ ಬೇರಿಗೆ ತಕ್ಕಷ್ಟೇ ಕುಂಡ ಆರಿಸಿ. ಬೇರಿನ ಮುದ್ದೆಯ ಸುತ್ತಲೂ 2-3 ಸೆಂಟಿಮೀಟರ್ ಜಾಗ ಇದ್ದರೆ ಸಾಕು. ದೊಡ್ಡ ಕುಂಡ ಕೊಟ್ಟರೆ ಬೇರಿಲ್ಲದ ಮಣ್ಣು ವಾರಗಟ್ಟಲೆ ಒಣಗದೆ ಮತ್ತೆ ಅದೇ ಕಥೆ. ಹಳೇ ಮಣ್ಣು ಬಿಸಾಡಿ. ಹೊಸದರಲ್ಲಿ ಕಾಲು ಭಾಗವಾದರೂ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು) ಅಥವಾ ದಪ್ಪ ಮರಳು ಇರಲಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವುದಾದರೆ ಎರಡು-ಮೂರು ನೀರಿನಲ್ಲಿ ತೊಳೆದು ಹಿಂಡಿ ಬಳಸಿ. ತೊಳೆಯದ ಕೋಕೋಪೀಟ್‌ನಲ್ಲಿ ಉಪ್ಪಿನಂಶ ಜಾಸ್ತಿ ಇರಬಹುದು. ಒಂದು ತಿಂಗಳಾದರೂ ಗೊಬ್ಬರದ ಹೆಸರು ಎತ್ತಬೇಡಿ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದು ತಪ್ಪು. ನುಣ್ಣನೆಯ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮಣ್ಣಿನ ಕೊನೆಯ ಪದರದಲ್ಲೇ ನಿಂತುಬಿಡುತ್ತದೆ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೇ.

ಬೇರು ಕೊಳೆತಿಲ್ಲ, ಆದರೆ ಮಣ್ಣೇ ಕಾಣದಷ್ಟು ಸುತ್ತಿಕೊಂಡಿದೆ ಅಂದರೆ ಕುಂಡ ಸಣ್ಣದಾಗಿದೆ. ಹಾಕಿದ ನೀರು ನಿಲ್ಲಲು ಮಣ್ಣೇ ಇಲ್ಲ. ಒಂದು ಅಳತೆ ದೊಡ್ಡ ಕುಂಡಕ್ಕೆ ಬದಲಿಸಿ.

ಹಂತ 5: ನೀರಿನ ಮೂಲ ಯಾವುದು?

ಮಣ್ಣು ಸರಿ, ಬೇರು ಸರಿ, ಆದರೂ ತುದಿ ಹಳದಿಯಾಗಿ ಕಂದಾಗುತ್ತಿದೆ. ಗಿಡ ಸ್ಪೈಡರ್ ಪ್ಲಾಂಟ್, ಡ್ರಸೀನಾ, ಲಕ್ಕಿ ಬ್ಯಾಂಬೂ, ಪೀಸ್ ಲಿಲಿ, ಕಲಾಥಿಯಾ ಇವುಗಳಲ್ಲಿ ಒಂದು. ಆಗ ನಾನು ಮೊದಲು ಅನುಮಾನ ಪಡುವುದು ನೀರನ್ನೇ.

ನಾವು ಕುಡಿಯುವ ನೀರಿನಲ್ಲಿರುವ ಕೆಲವು ವಸ್ತುಗಳು ಈ ಗಿಡಗಳಿಗೆ ಆಗುವುದಿಲ್ಲ. ಅದರಲ್ಲಿ ಫ್ಲೋರೈಡ್ ಮುಖ್ಯ. ಅದು ಎಲೆ ಸೇರಿ ತುದಿಯಲ್ಲೂ ಅಂಚಿನಲ್ಲೂ ಕೂಡಿಕೊಳ್ಳುತ್ತದೆ, ಅಲ್ಲಿಂದ ಹೊರಗೆ ಹೋಗುವ ದಾರಿ ಇಲ್ಲ. ಲಕ್ಕಿ ಬ್ಯಾಂಬೂ ಬಿದಿರಲ್ಲ, ಅದೂ ಒಂದು ಡ್ರಸೀನಾ. ಅದಕ್ಕೇ ಇಬ್ಬರ ಕಾಯಿಲೆಯೂ ಒಂದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಓಡಾಡುತ್ತದೆ. ನಲ್ಲಿ ನೀರನ್ನು ರಾತ್ರಿಯಿಡೀ ಬಾಯಿ ತೆರೆದ ಬಕೆಟ್‌ನಲ್ಲಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ. ಹಾಗೆ ಇಟ್ಟರೆ ಹೋಗುವುದು ಕ್ಲೋರಿನ್ ಮಾತ್ರ. ಕ್ಲೋರಮೈನ್ (ಕ್ಲೋರಿನ್‌ಗೆ ಅಮೋನಿಯಾ ಸೇರಿಸಿದ್ದು) ಬಳಸಿ ಶುದ್ಧ ಮಾಡಿದ ನೀರಾದರೆ ಅದೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಫ್ಲೋರೈಡ್ ಅಂತೂ ಕದಲುವುದೇ ಇಲ್ಲ. ಕುದಿಸಿದರೆ ಇನ್ನೂ ಕೆಟ್ಟದು. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಅಂಶ ಜಾಸ್ತಿಯಾಗುತ್ತದೆ. ಮಳೆ ನೀರು, ಇಲ್ಲವೇ ಆರ್‌ಓ ಫಿಲ್ಟರ್‌ನಿಂದ ಬಂದ ನೀರು ಹಾಕಬೇಕು.

ಆರ್‌ಓ ಅಂದಾಗ ನೆನಪಾಯಿತು. ಫಿಲ್ಟರ್‌ನ ಇನ್ನೊಂದು ಕೊಳವೆಯಿಂದ ಹೊರಗೆ ಹೋಗುವ ನೀರು ಹಾಳಾಗಬಾರದು ಅಂತ ನಾನು ಒಂದು ವರ್ಷ ಅದನ್ನೇ ಗಿಡಗಳಿಗೆ ಹಾಕಿದ್ದೆ. ಪುಣ್ಯದ ಕೆಲಸ ಅನ್ನಿಸಿತ್ತು. ಆದರೆ ಫಿಲ್ಟರ್ ತೆಗೆದ ಉಪ್ಪೆಲ್ಲ ಹೋಗುವುದು ಆ ನೀರಿಗೇ ಅಲ್ವಾ? ನೀರಿನಲ್ಲಿ ಕರಗಿದ ಉಪ್ಪಿನಂಶ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದ ದಿನ ಮುಖ ಸಣ್ಣದಾಯಿತು. ಆ ನೀರು ನೆಲ ಒರೆಸುವುದಕ್ಕೆ ಇರಲಿ, ಕುಂಡಕ್ಕೆ ಬೇಡ. ನೀರು ಮೆದು ಮಾಡುವ ಸಾಫ್ಟ್‌ನರ್ ಯಂತ್ರದ ನೀರೂ ಬೇಡ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಕೂರಿಸುತ್ತದೆ. ಪಾತ್ರೆಗೆ ಒಳ್ಳೆಯದು, ಬೇರಿಗೆ ಕೆಟ್ಟದು.

ಅನುಮಾನ ಪರಿಹಾರಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಸ್ಪೈಡರ್ ಪ್ಲಾಂಟ್ ಇದ್ದರೆ ಅದರ ಎರಡು ಮರಿಗಳನ್ನು ಒಂದೇ ಅಳತೆಯ ಕುಂಡ, ಒಂದೇ ಮಣ್ಣಿನಲ್ಲಿ ನೆಟ್ಟು, ಒಂದೇ ಕಿಟಕಿಯಲ್ಲಿ ಅಕ್ಕಪಕ್ಕ ಇಡಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಮಳೆ ನೀರು. ನಾನು ಮಾಡಿದಾಗ ಮೂರನೇ ತಿಂಗಳಿಗೆ ನಲ್ಲಿ ನೀರಿನ ಮರಿಯ ಪ್ರತಿ ಎಲೆಯ ತುದಿಯಲ್ಲೂ ಅಕ್ಕಿಕಾಳಿನಷ್ಟು ಕಂದು, ಅದರ ಹಿಂದೆ ಒಂದೆಳೆ ಹಳದಿ. ಪಕ್ಕದ್ದರಲ್ಲಿ ಎರಡು ಎಲೆಗೆ ಮಾತ್ರ, ಅದೂ ನೆಡುವಾಗ ಬಾಗಿದ್ದವು.

ಮಣ್ಣು ಹುಳಿಯಾಗಿದ್ದಷ್ಟೂ ಫ್ಲೋರೈಡ್ ಬೇರಿಗೆ ಸುಲಭವಾಗಿ ಸಿಗುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲೂ ಫ್ಲೋರೈಡ್ ಇರುತ್ತದೆ. ಹಾಗಾಗಿ ಮೇಲೆ ಹೇಳಿದ ಗಿಡಗಳಿಗೆ ಆ ಗೊಬ್ಬರ ಬೇಡ. ಬರೀ ಆರ್‌ಓ ಇಲ್ಲವೇ ಮಳೆ ನೀರಿನಲ್ಲೇ ವರ್ಷಗಟ್ಟಲೆ ಬೆಳೆಸುವುದಾದರೆ ಕ್ಯಾಲ್ಸಿಯಂ, ಮೆಗ್ನೀಶಿಯಂ ಇರುವ ಗೊಬ್ಬರವನ್ನು ಸ್ವಲ್ಪ ಸ್ವಲ್ಪ ಕೊಡಬೇಕಾಗುತ್ತದೆ. ಆ ನೀರಿನಲ್ಲಿ ಅವು ಇರುವುದಿಲ್ಲ.

ಹಂತ 6: ಬಿಳಿ ಪೊರೆ, ಗೊಬ್ಬರ, ಮತ್ತು ಮಣ್ಣು ತೊಳೆಯುವುದು

ಮಣ್ಣಿನ ಮೇಲೆ, ಕುಂಡದ ಅಂಚಿನಲ್ಲಿ, ತಳದ ತೂತಿನ ಸುತ್ತ ಬಿಳಿ ಇಲ್ಲವೇ ನಸು ಹಳದಿ ಪೊರೆ ಕಟ್ಟಿದೆಯಾ? ಉಗುರಿನಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರುತ್ತದೆಯಾ? ಅದು ಗೊಬ್ಬರದಿಂದಲೂ ಗಡಸು ನೀರಿನಿಂದಲೂ ಉಳಿದ ಉಪ್ಪು. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೆ ನೀರು ಇದ್ದರೂ ಬೇರಿಗೆ ಎಳೆದುಕೊಳ್ಳುವುದಕ್ಕೆ ಆಗುವುದಿಲ್ಲ. ತುದಿ ಮೊದಲು ಹಳದಿ, ಆಮೇಲೆ ಸುಟ್ಟ ಹಾಗೆ ಕಂದು.

ಪರಿಹಾರ ಮಣ್ಣು ತೊಳೆಯುವುದು. ಮೊದಲು ಮೇಲಿನ ಪೊರೆಯನ್ನು ಅರ್ಧ ಸೆಂಟಿಮೀಟರ್ ಮಣ್ಣಿನ ಸಮೇತ ಕೆರೆದು ತೆಗೆಯಿರಿ. ಕುಂಡವನ್ನು ಬಚ್ಚಲಿಗೆ ಒಯ್ದು, ಒಳ್ಳೇ ನೀರನ್ನು ನಿಧಾನಕ್ಕೆ ಸುರಿಯಿರಿ. ಕುಂಡದಲ್ಲಿ ಹಿಡಿಸುವ ಅಳತೆಯ ಎರಡರಷ್ಟಾದರೂ ನೀರು ಹೋಗಬೇಕು. 3 ಲೀಟರಿನ ಕುಂಡವಾದರೆ 6 ಲೀಟರ್. ಮೊದಲು ಬರುವ ನೀರು ಡಿಕಾಕ್ಷನ್ ಬಣ್ಣಕ್ಕಿರುತ್ತದೆ, ಕ್ರಮೇಣ ತಿಳಿಯಾಗುತ್ತದೆ. ಪೂರ್ತಿ ಬಸಿದ ಮೇಲೆ ಜಾಗಕ್ಕೆ ಇಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ, ಇಲ್ಲದಿದ್ದರೆ ಕಷ್ಟಪಟ್ಟು ಹೊರಗೆ ಕಳಿಸಿದ ಉಪ್ಪನ್ನು ಗಿಡ ಮತ್ತೆ ಕೆಳಗಿನಿಂದ ಕುಡಿಯುತ್ತದೆ. 4-6 ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಬೇರು ಕೊಳೆತ ಗಿಡಕ್ಕೆ ಮಾತ್ರ ಇದನ್ನು ಮಾಡಬೇಡಿ.

ಗೊಬ್ಬರದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಜಿಪುಣತನದ್ದು. ಪೊಟ್ಟಣದ ಮೇಲೆ ಬರೆದ ಅಳತೆಯ ಅರ್ಧ ಸಾಕು, ಅದೂ ಗಿಡ ಹೊಸ ಎಲೆ ಬಿಡುತ್ತಿರುವಾಗ ಮಾತ್ರ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ. ಮನೆಯೊಳಗಿನ ಮಂದ ಬೆಳಕಿನಲ್ಲಿ ಗಿಡ ನಿಧಾನಕ್ಕೆ ಬೆಳೆಯುತ್ತದೆ, ಅದರ ಹಸಿವೂ ಅಷ್ಟಕ್ಕಷ್ಟೇ.

ನಿಜವಾದ ಕೊರತೆಯೂ ಇರುತ್ತದೆ, ಇಲ್ಲವೆಂದಲ್ಲ. ಎರಡು-ಮೂರು ವರ್ಷ ಅದೇ ಮಣ್ಣು, ಏನೂ ಗೊಬ್ಬರ ಇಲ್ಲ, ಇಡೀ ಗಿಡ ತಿಳಿ ಹಸಿರಾಗಿ ಹಳೇ ಎಲೆಗಳು ತುದಿಯಿಂದ ಹಳದಿಯಾಗುತ್ತಿದ್ದರೆ ಸಾರಜನಕ ಬೇಕಾಗಿದೆ. ಹಳೇ ಎಲೆಯ ತುದಿಯೂ ಅಂಚೂ ಹಳದಿ, ನಡುಭಾಗ ಹಸಿರಾದರೆ ಪೊಟ್ಯಾಶಿಯಂ. ಹಳೇ ಎಲೆಯಲ್ಲಿ ನರಗಳ ನಡುವೆ ಹಳದಿಯಾಗಿ, ನಡುನರದ ಸುತ್ತ ಹಸಿರು ಉಳಿದಿದ್ದರೆ ಮೆಗ್ನೀಶಿಯಂ. ಇವನ್ನು ಗುರುತಿಸುವುದು ಪುಸ್ತಕದಲ್ಲಿ ಸುಲಭ, ಗಿಡದ ಮುಂದೆ ಕಷ್ಟ. ಒಂದೊಂದಕ್ಕೂ ಬೇರೆ ಬೇರೆ ಪೊಟ್ಟಣ ತರುವ ಬದಲು ಎಲ್ಲ ಪೋಷಕಾಂಶ ಇರುವ ಒಂದು ಗೊಬ್ಬರವನ್ನು ತೆಳ್ಳಗೆ ಕೊಟ್ಟು ನೋಡಿ.

ಪಾಮ್ ಗಿಡದ ವಿಷಯದಲ್ಲಿ ಒಂದು ಎಚ್ಚರಿಕೆ. ಪೊಟ್ಯಾಶಿಯಂ ಕಮ್ಮಿಯಾದ ಪಾಮ್ ತನ್ನ ಹಳೇ ಗರಿಗಳಿಂದಲೇ ಅದನ್ನು ಎಳೆದುಕೊಳ್ಳುತ್ತಿರುತ್ತದೆ. ಚಂದ ಕಾಣಲಿ ಅಂತ ಅರೆಹಳದಿ ಗರಿ ಕತ್ತರಿಸಿದರೆ ಅದರ ಬುತ್ತಿಯನ್ನೇ ಕಿತ್ತುಕೊಂಡ ಹಾಗೆ. ಗರಿ ಪೂರ್ತಿ ಒಣಗುವವರೆಗೆ ಕಾಯಿರಿ. ಹಾಗೇ, ಅರೆಕಾ ಪಾಮ್‌ನ ದಂಟು ಹಳದಿಯಾಗಿರುವುದು ಅದರ ಹುಟ್ಟುಬಣ್ಣ. ಅದಕ್ಕೆ ಚಿಕಿತ್ಸೆ ಬೇಡ.

ಹಂತ 7: ಗಾಳಿ ಮತ್ತು ಬೆಳಕು

ಒಣ ಗಾಳಿಯ ಮೇಲೆ ನಾವು ಹೊರಿಸುವ ತಪ್ಪು ಅದು ಮಾಡಿದ್ದಕ್ಕಿಂತ ಜಾಸ್ತಿ ಅಂತ ನನ್ನ ಅನಿಸಿಕೆ. ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ರಬ್ಬರ್ ಗಿಡ ಇವಕ್ಕೆ ಮನೆಯ ಸಾಧಾರಣ ಗಾಳಿ ಸಾಕು. ಕಲಾಥಿಯಾ, ಫರ್ನ್ ಇವಕ್ಕೆ ಮಾತ್ರ ತೇವ ನಿಜವಾಗಿಯೂ ಬೇಕು. ಗಾಳಿಯ ತೇವಾಂಶ ಶೇ. 40ಕ್ಕಿಂತ ಕೆಳಗೆ ಇಳಿದರೆ ಅವುಗಳ ತುದಿ, ಅಂಚು ಗರಿಗರಿಯಾಗುತ್ತವೆ. ಎಲೆಗೆ ನೀರು ಚಿಮುಕಿಸಿದರೆ ಅದರ ಪರಿಣಾಮ ಆ ಹನಿಗಳು ಆರುವವರೆಗೆ ಮಾತ್ರ. ನಾಲ್ಕಾರು ಗಿಡಗಳನ್ನು ಹತ್ತಿರ ಹತ್ತಿರ ಇಡುವುದು, ಇಲ್ಲವೇ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಯಂತ್ರ ಇಡುವುದು ಅದಕ್ಕಿಂತ ಮೇಲು. ಎಸಿಯ ಇಲ್ಲವೇ ಹೀಟರ್‌ನ ಗಾಳಿ ನೇರವಾಗಿ ಬೀಳುವ ಜಾಗದಿಂದ ಗಿಡವನ್ನು ಮೊದಲು ಸರಿಸಿ.

ಬೆಳಕು ಕಮ್ಮಿ ಇದ್ದರೆ ತುದಿಗೆ ನೇರವಾಗಿ ಪೆಟ್ಟು ಬೀಳುವುದಿಲ್ಲ. ಆದರೆ ಗಿಡ ನೀರು ಕುಡಿಯುವುದು ಕಮ್ಮಿಯಾಗುತ್ತದೆ, ಮಣ್ಣು ಒಣಗುವುದು ತಡವಾಗುತ್ತದೆ. ನೀವು ಮಾತ್ರ ಎಂದಿನಂತೆ ಭಾನುವಾರ, ಬುಧವಾರ ಅಂತ ನೀರು ಹಾಕುತ್ತಿರುತ್ತೀರಿ. ವಾರ ನೋಡಿ ನೀರು ಹಾಕುವುದನ್ನು ಬಿಡಿ, ಕಡ್ಡಿ ನೋಡಿ ಹಾಕಿ.

ಹಂತ 8: ಎಲೆಯ ಹಿಂಬದಿ

ಬಿಳಿ ಕಾಗದವೊಂದನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ಎರಡು ಸಲ ತಟ್ಟಿ. ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗಿದರೆ ಅವು ಜೇಡ ನುಸಿಗಳು. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಸಾವಿರ ಹಳದಿ ಚುಕ್ಕೆ, ತೊಟ್ಟಿನ ಸಂದಿಯಲ್ಲಿ ತೆಳು ಬಲೆ ಇರುತ್ತದೆ. ಬೆಳ್ಳಿ ಬಣ್ಣದ ಗೀರು, ಅದರ ಮೇಲೆ ಕಪ್ಪು ಚುಕ್ಕೆ ಕಂಡರೆ ಥ್ರಿಪ್ಸ್ ಅನ್ನುವ ಸಣ್ಣ ರಸ ಹೀರುವ ಕೀಟ. ತೊಟ್ಟಿನ ಬುಡದಲ್ಲಿ ಹತ್ತಿಯಂಥದ್ದು ಇದ್ದರೆ ಹಿಟ್ಟು ತಿಗಣೆ.

ಗಿಡವನ್ನು ಉಳಿದವುಗಳಿಂದ ದೂರ ಇಟ್ಟು, ಎಲೆಯ ಎರಡೂ ಬದಿ ನೀರಿನಲ್ಲಿ ಜೋರಾಗಿ ತೊಳೆಯಿರಿ. 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ನಾಲ್ಕೈದು ಹನಿ ಸೋಪಿನ ದ್ರಾವಣ ಹಾಕಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ನೋಡಿ. ಮೊಟ್ಟೆಗಳು ಒಡೆಯುತ್ತಲೇ ಇರುವುದರಿಂದ 5 ದಿನಕ್ಕೊಮ್ಮೆಯಂತೆ ಮೂರು ಸಲವಾದರೂ ಮಾಡಬೇಕು. ಒಂದೇ ಸಲಕ್ಕೆ ಬಿಟ್ಟರೆ ಮಾಡದಿದ್ದ ಹಾಗೇ.

ಹಾಳಾದ ತುದಿಯನ್ನು ಏನು ಮಾಡುವುದು?

ಒಣಗಿ ಕಂದಾದ ತುದಿ ಮತ್ತೆ ಹಸಿರಾಗುವುದಿಲ್ಲ. ಕೊರತೆಯಿಂದ ಪೇಲವವಾದ ಎಲೆ ಸ್ವಲ್ಪ ಬಣ್ಣ ಪಡೆಯಬಹುದು, ಸತ್ತ ಭಾಗ ಮಾತ್ರ ಸತ್ತದ್ದೇ. ನೋಡಲು ಕಿರಿಕಿರಿ ಅನ್ನಿಸಿದರೆ ಕತ್ತರಿಸಿ. ಅಡ್ಡಡ್ಡ ಕತ್ತರಿಸಿದರೆ ಮೊಂಡು ಉಗುರಿನ ಹಾಗೆ ಕಾಣುತ್ತದೆ. ಎಲೆಯ ಆಕಾರಕ್ಕೇ ಎರಡು ಕಡೆಯಿಂದ ಓರೆಯಾಗಿ ಕತ್ತರಿಸಿ. ಹಸಿರಿಗೆ ಕತ್ತರಿ ತಾಗಬಾರದು, ಒಂದು ಎಳೆಯಷ್ಟು ಒಣಗಿದ್ದು ಉಳಿಯಲಿ. ಹಸಿರನ್ನು ಕೊಯ್ದರೆ ಅಲ್ಲಿ ಹೊಸ ಗಾಯವಾಗಿ ಮತ್ತೆ ಅಷ್ಟುದ್ದ ಒಣಗುತ್ತದೆ. ಎಲೆ ಅರ್ಧಕ್ಕಿಂತ ಜಾಸ್ತಿ ಹೋಗಿದ್ದರೆ ಬುಡದಿಂದಲೇ ತೆಗೆಯಬಹುದು. ಆದರೆ ಒಂದೇ ದಿನ ಗಿಡವನ್ನು ಬೋಳು ಮಾಡಬೇಡಿ.

ಲಕ್ಕಿ ಬ್ಯಾಂಬೂವಿನ ಎಲೆ ತುದಿ ಹಳದಿಯಾದರೆ ನೀರು ಬದಲಿಸಿ ನೋಡಬಹುದು. ಕಾಂಡವೇ ಹಳದಿಯಾಗಿ ಮೆತ್ತಗಾದರೆ ಆ ಕಡ್ಡಿಯನ್ನು ಅವತ್ತೇ ತೆಗೆದುಬಿಡಿ. ಅದು ಉಳಿಯುವುದಿಲ್ಲ, ಪಕ್ಕದವನ್ನೂ ಕೆಡಿಸುತ್ತದೆ.

ಆಮೇಲೆ ಕಾಯುವ ಕೆಲಸ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನೀರು, ಗೊಬ್ಬರ, ಜಾಗ, ಕುಂಡ ನಾಲ್ಕನ್ನೂ ಒಂದೇ ವಾರ ಬದಲಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ಬೇರು ಕೊಳೆತದ್ದು, ಹುಳ ಹತ್ತಿದ್ದು ಮಾತ್ರ ಇದಕ್ಕೆ ಹೊರತು, ಅಲ್ಲಿ ತಡ ಮಾಡುವ ಹಾಗಿಲ್ಲ.

ಹಳೇ ಎಲೆಗಳನ್ನು ನೋಡುತ್ತಾ ಕೂರಬೇಡಿ. ಬದಲಾವಣೆ ಮಾಡಿದ ದಿನ ಅತಿ ಹೊಸ ಎಲೆಯ ತೊಟ್ಟಿಗೆ ಒಂದು ನೂಲು ಸಡಿಲವಾಗಿ ಕಟ್ಟಿ. ಆ ನೂಲಿನ ಆಮೇಲೆ ಬಂದ ಎಲೆಗಳೇ ನಿಮ್ಮ ಉತ್ತರ. ಬೇಗ ಬೆಳೆಯುವ ಗಿಡಗಳಲ್ಲಿ ಒಂದು ತಿಂಗಳಿಗೆ ಗೊತ್ತಾಗುತ್ತದೆ. ಸ್ನೇಕ್ ಪ್ಲಾಂಟ್‌ನಂಥ ಆಲಸಿಗಳಿಗೆ ಮೂರು ತಿಂಗಳು ಬೇಕು. ನನ್ನ ಡ್ರಸೀನಾಗೆ ಕೆಂಪು ನೂಲು ಕಟ್ಟಿ ಈಗ ಐದು ತಿಂಗಳು. ನೂಲಿನ ಕೆಳಗಿನ ಎಲೆಗಳೆಲ್ಲ ತುದಿ ಸುಟ್ಟುಕೊಂಡೇ ಇವೆ. ಮೇಲೆ ಒಂಬತ್ತು ಎಲೆ ಬಂದಿವೆ. ಎಂಟರ ತುದಿ ಸೂಜಿಯಷ್ಟು ಚೂಪಾಗಿ ಹಸಿರಾಗಿವೆ. ಒಂದು ಮಾತ್ರ ಗೋಡೆಗೆ ತಾಗಿ ಮುರಿದಿದೆ.